ಹೊಲಕ್ಕಿಳಿಯುವ ವಾಹನದ ಸೀಟಿಗೆ ಬಾಳಿಕೆಯ ಹೊದಿಕೆ

ಎತ್ತಿನ ಗಾಡಿಯ ಮೂಕಿಯ ಬಳಿ ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡರೆ ಗಾಡಿ ಹೊಡೆಯುವವನ ಆಸನ ಸಿದ್ಧವಾಗುತ್ತಿತ್ತು. ಗೋಣಿ ನೆನೆದರೆ ಬೇಲಿಯ ಮೇಲೆ ಒಣಗುತ್ತಿತ್ತು. ಹರಿದರೆ ಇನ್ನೊಂದು ಗೋಣಿ ಅದರ ಜಾಗಕ್ಕೆ ಬರುತ್ತಿತ್ತು. ಇಂದು ಅದೇ ಹೊಲದ ದಾರಿಯಲ್ಲಿ ಟ್ರ್ಯಾಕ್ಟರು, ಪಿಕಪ್ ಮತ್ತು ಲಾರಿಗಳು ಓಡಾಡುತ್ತಿವೆ. ಅವುಗಳ ಸೀಟಿನೊಳಗೆ ಸ್ಪಂಜು ಇದೆ. ಸ್ಪಂಜನ್ನು ಬೇಲಿಯ ಮೇಲೆ ಒಣಗಹಾಕುವಂತಿಲ್ಲ. ಒಮ್ಮೆ ನೀರು ಕುಡಿದರೆ ಅದು ಬೇಗನೆ ಬಿಡುವುದೂ ಇಲ್ಲ.

ಸಾಧಾರಣವಾಗಿ ಸೀಟಿನ ಹೊದಿಕೆಯನ್ನು ಆರಿಸುವಾಗ ಬಣ್ಣ, ಹೊಳಪು ಮತ್ತು ಬೆಲೆ, ಈ ಮೂರನ್ನು ಮಾತ್ರ ನೋಡುವುದು ವಾಡಿಕೆ. ಹೊಲದ ಕೆಲಸಕ್ಕೆ ಬಳಸುವ ವಾಹನಕ್ಕೆ ಇದು ಸಾಲದು. ಹೊದಿಕೆಯ ಮುಖ್ಯ ಕೆಲಸ ಒಳಗಿನ ಸ್ಪಂಜಿಗೆ ಮಳೆನೀರು, ಬೆವರು, ಗೊಬ್ಬರದ ನೀರು ಹಾಗೂ ಕೀಟನಾಶಕ ಇಳಿಯದಂತೆ ತಡೆಯುವುದು. ಎಷ್ಟೇ ಗಟ್ಟಿಯಾದ ಬಟ್ಟೆಯಾದರೂ ಸರಿ, ದ್ರವವನ್ನು ಒಳಗೆ ಬಿಡುವುದಾದರೆ ಅದನ್ನು ಬಾಳಿಕೆಯ ಹೊದಿಕೆ ಎನ್ನಲಾಗದು. ಬಟ್ಟೆ ಉಳಿದು ಸೀಟು ಹಾಳಾಗುತ್ತದೆ. ಕೀಟನಾಶಕದ ವಿಷಯದಲ್ಲಿ ಹಾಳಾಗುವುದು ಸೀಟು ಮಾತ್ರವಲ್ಲ.

ಹೊದಿಕೆಯನ್ನು ಕೆಡಿಸುವ ಶತ್ರುಗಳು

ಬೆಳೆಗೆ ಯಾವ ಕೀಟ ಬೀಳುತ್ತದೆಂದು ತಿಳಿಯದೆ ಔಷಧಿ ಕೊಳ್ಳುವುದು ಹೇಗೆ ಸರಿಯಲ್ಲವೋ ಹಾಗೆಯೇ ತಮ್ಮ ಸೀಮೆಯಲ್ಲಿ ಹೊದಿಕೆಯನ್ನು ಕೆಡಿಸುವುದು ಯಾವುದೆಂದು ತಿಳಿಯದೆ ಬಟ್ಟೆ ಕೊಳ್ಳುವುದೂ ಸರಿಯಲ್ಲ. ರಾಯಚೂರು, ಕಲಬುರಗಿಯ ಕಡೆ ಮೊದಲ ಶತ್ರು ಬಿಸಿಲು. ಕೋಲಾರ, ತುಮಕೂರು, ಚಿತ್ರದುರ್ಗದ ಕೆಂಪು ಮರಳು ಮಣ್ಣಿನಲ್ಲಿ ಬಿಸಿಲಿನ ಜೊತೆಗೆ ಧೂಳು. ಮಲೆನಾಡು ಮತ್ತು ಕರಾವಳಿಯಲ್ಲಿ ತೇವ ಹಾಗೂ ಬೂಷ್ಟು.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ನೂಲಿನ ಎಳೆಗಳನ್ನು ಒಳಗಿನಿಂದ ತುಂಡರಿಸುತ್ತವೆ. ಬಣ್ಣ ಮಾಸುವುದು ಇದರ ಮೊದಲ ಗುರುತು. ಆ ಮೇಲೆ ಬಟ್ಟೆ ಕೈಯಲ್ಲಿ ಹಿಡಿದು ಎಳೆದರೆ ಹರಿಯುವಷ್ಟು ಜೀರ್ಣವಾಗುತ್ತದೆ. ತೆರೆದ ಟ್ರ್ಯಾಕ್ಟರಿನ ಸೀಟಿಗೆ ಈ ಕಿರಣಗಳು ನೇರವಾಗಿ ಬೀಳುತ್ತವೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ಮುಂಗಾಜು ಬಹುಪಾಲನ್ನು ತಡೆದರೂ ಬಾಗಿಲ ಗಾಜಿನ ಮೂಲಕ ಒಂದಷ್ಟು ಒಳಬರುತ್ತವೆ.

ಅಲ್ಲದೆ ಮುಚ್ಚಿದ ಕ್ಯಾಬಿನ್ನಿನಲ್ಲಿ ಶಾಖವೂ ಸೇರಿಕೊಳ್ಳುತ್ತದೆ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಬೇಸಿಗೆಯ ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿದ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್, ಸೀಟು ಸುಮಾರು 50 ಡಿಗ್ರಿ, ಚಾಲಕನ ಮುಂದಿನ ಹಲಗೆ 69 ಡಿಗ್ರಿಯಷ್ಟು ಕಾದಿದ್ದವು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲೂ 40 ಡಿಗ್ರಿಯನ್ನು ದಾಟುವುದುಂಟಾದ್ದರಿಂದ ಮಾರುಕಟ್ಟೆಯ ಅಂಗಳದಲ್ಲಿ ಮಧ್ಯಾಹ್ನವೆಲ್ಲ ನಿಂತ ಪಿಕಪ್ಪಿನ ಸ್ಥಿತಿಯನ್ನು ಊಹಿಸಬಹುದು.

ಧೂಳಿನ ಹಾನಿ ಮಣ್ಣಿನ ಗುಣವನ್ನು ಅವಲಂಬಿಸಿದೆ. ಕೆಂಪು ಮಣ್ಣಿನಲ್ಲಿರುವ ಸಣ್ಣ ಮರಳಿನ ಕಣಗಳು ಬೆಣಚುಕಲ್ಲಿನ ಚೂರುಗಳು. ಇವು ನೇಯ್ಗೆಯ ಸಂದಿನಲ್ಲಿ ಸೇರಿ, ವಾಹನ ಕುಲುಕಿದಾಗಲೆಲ್ಲ ಉಪ್ಪುಕಾಗದದಂತೆ ಎಳೆಗಳನ್ನು ತೇಯುತ್ತವೆ. ಎರೆಮಣ್ಣಿನ ಜೇಡಿಕಣಗಳು ತೀರಾ ನಯವಾದವು. ಅವು ಅಷ್ಟಾಗಿ ತೇಯುವುದಿಲ್ಲ, ಆದರೆ ಒದ್ದೆಯಾದಾಗ ಉಬ್ಬಿ ಅಂಟಿಕೊಳ್ಳುತ್ತವೆ. ಎರೆಯ ಕೆಸರನ್ನು ಹಸಿಯಾಗಿರುವಾಗಲೇ ಉಜ್ಜಿದರೆ ಅದು ಬಟ್ಟೆಯ ಒಳಕ್ಕೆ ಇಳಿಯುತ್ತದೆ. ಒಣಗಿದ ಮೇಲೆ ಕೊಡವಿದರೆ ಹೆಚ್ಚಿನದು ಹೆಕ್ಕಳಿಕೆಯಾಗಿ ತಾನೇ ಉದುರುತ್ತದೆ.

ಮಲೆನಾಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಹತ್ತಿಬಟ್ಟೆ ಒಣಗುವುದೇ ಕಷ್ಟ. ಹತ್ತಿ, ಸೆಣಬು ಮುಂತಾದವು ಸಸ್ಯದ ನಾರುಗಳು. ಬೂಷ್ಟಿಗೆ ಅವೇ ಆಹಾರ. ಹೊಲದ ಕೂಳೆಯನ್ನು ಕೊಳೆಸುವ ಶಿಲೀಂಧ್ರಗಳ ಬಳಗವೇ ಸೀಟಿನ ಹತ್ತಿಬಟ್ಟೆಯನ್ನೂ ಕೊಳೆಸುತ್ತದೆ. ಪಾಲಿಯೆಸ್ಟರ್ ಎಳೆಗಳನ್ನು ಬೂಷ್ಟು ತಿನ್ನಲಾರದು. ಅದರ ಮೇಲೆ ಕುಳಿತ ಕೊಳೆ ಮತ್ತು ಬೆವರಿನ ಮೇಲೆ ಮಾತ್ರ ಬೆಳೆಯುತ್ತದೆ. ಅದನ್ನು ತೊಳೆದು ತೆಗೆಯಬಹುದು. ಅಡಿಕೆ ಬೇಯಿಸುವ ಕಡೆ ಚೊಗರಿನ ಕಲೆ ಇನ್ನೊಂದು ತೊಂದರೆ. ಚೊಗರಿನಲ್ಲಿರುವ ಒಗರು ದ್ರವ್ಯ ಕಬ್ಬಿಣದ ಚೌಕಟ್ಟಿನ ತುಕ್ಕಿನೊಂದಿಗೆ ಕೂಡಿದರೆ ಮಸಿಯಂತಹ ಕಪ್ಪು ಕಲೆಯಾಗುತ್ತದೆ. ಅದು ಯಾವ ಸಾಬೂನಿಗೂ ಪೂರ್ತಿ ಹೋಗುವುದಿಲ್ಲ.

ರಾಸಾಯನಿಕ ಗೊಬ್ಬರದ ಪುಡಿಯನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಾಳಿಯ ತೇವಾಂಶ ಶೇಕಡ 75ರ ಆಸುಪಾಸನ್ನು ಮೀರಿದಾಗ ಯೂರಿಯಾ ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಗೊಬ್ಬರದ ಚೀಲ ಹೊತ್ತವರ ಬಟ್ಟೆಯಿಂದ ಸೀಟಿಗೆ ಉದುರಿದ ಪುಡಿ ಹೀಗೆ ಸೀಟನ್ನು ಸದಾ ತೇವವಾಗಿಟ್ಟು ಕೆಳಗಿನ ತಗಡು, ಸ್ಪ್ರಿಂಗುಗಳಿಗೆ ತುಕ್ಕು ಹಿಡಿಸುತ್ತದೆ.

ಯಾವ ಬಟ್ಟೆ ಎಲ್ಲಿಗೆ?

ಕುಶನ್ ಅಂಗಡಿಗಳಲ್ಲಿ ಅತಿ ಹೆಚ್ಚು ಖರ್ಚಾಗುವುದು ರೆಕ್ಸಿನ್. ಈ ಹೆಸರು ಮೂಲದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಮೀಪದ ಕಂಪನಿಯೊಂದರ ಚರ್ಮದಂತಹ ಬಟ್ಟೆಯದು. ಆಗ ಲೇಪನ ಬೇರೆ ಬಗೆಯದಾಗಿತ್ತು. ಇಂದು ನಮ್ಮಲ್ಲಿ ರೆಕ್ಸಿನ್ ಎಂದು ಕರೆಯುವುದು ಸಾಮಾನ್ಯವಾಗಿ ಪಿ.ವಿ.ಸಿ. ಲೇಪಿಸಿದ ಬಟ್ಟೆಯನ್ನು. ಪಿ.ವಿ.ಸಿ. ಸ್ವಭಾವತಃ ಗಡಸು ವಸ್ತು. ಅದನ್ನು ಬಾಗುವಂತೆ ಮಾಡಲು ಎಣ್ಣೆಯಂತಹ ಮೃದುಕಾರಿಯನ್ನು ಬೆರೆಸಿರುತ್ತಾರೆ. ಬಿಸಿಲು ಮತ್ತು ಶಾಖಕ್ಕೆ ಈ ಮೃದುಕಾರಿ ಮೆಲ್ಲಮೆಲ್ಲನೆ ಹೊರಬಂದು ಹೋಗುತ್ತದೆ. ರೆಕ್ಸಿನ್ ಬಿರುಸಾಗಿ, ಮಡಿಕೆ ಬಿದ್ದ ಕಡೆ ಸೀಳುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಬಟ್ಟೆ ಅದ್ದಿ ರೆಕ್ಸಿನ್ನನ್ನು ಒರೆಸಿದರೆ ಒಂದು ದಿನ ಹೊಳಪು ಬರುವುದು ನಿಜ, ಆದರೆ ಇವೂ ಮೃದುಕಾರಿಯನ್ನು ಕರಗಿಸಿ ತೆಗೆಯುತ್ತವೆ. ಹೊಳಪಿನ ಆಸೆಗೆ ಸೀಟಿನ ಆಯುಷ್ಯವನ್ನು ತೆತ್ತಂತೆ.

ಇಷ್ಟಾದರೂ ರೆಕ್ಸಿನ್ನಿಗೆ ಬೇರೆ ಬಟ್ಟೆಗಳಿಗಿಲ್ಲದ ಒಂದು ಗುಣವಿದೆ: ದ್ರವವನ್ನು ಒಳಗೆ ಬಿಡುವುದಿಲ್ಲ. ತೆರೆದ ಟ್ರ್ಯಾಕ್ಟರಿನ ಸೀಟಿಗೆ ಸುಮಾರು 1 ಮಿ.ಮೀ. ದಪ್ಪದ ರೆಕ್ಸಿನ್ನೇ ಸೂಕ್ತ. ಅದರ ಬೆನ್ನಿನ ಬಟ್ಟೆ ಎರಡು ತೆರನಾಗಿರುತ್ತದೆ. ಹೆಣೆದ ಬೆನ್ನಿನದು ಬನಿಯನ್ನಿನಂತೆ ಹಿಗ್ಗುವುದರಿಂದ ಸೀಟಿನ ಉಬ್ಬುತಗ್ಗುಗಳಿಗೆ ಚೆನ್ನಾಗಿ ಹೊಂದುತ್ತದೆ. ನೇಯ್ದ ಬೆನ್ನಿನದು ಹಿಗ್ಗುವುದಿಲ್ಲ, ಆದರೆ ಸುಲಭವಾಗಿ ಹರಿಯುವುದೂ ಇಲ್ಲ. ಸಪಾಟಾದ ಲಾರಿ ಸೀಟಿಗೆ ಎರಡನೆಯದು, ಬಟ್ಟಲಿನಾಕಾರದ ಟ್ರ್ಯಾಕ್ಟರ್ ಸೀಟಿಗೆ ಮೊದಲನೆಯದು.

ರೆಕ್ಸಿನ್ನಿನ ಮೇಲೆ ಬೇಸಿಗೆಯಲ್ಲಿ ದಿನವಿಡೀ ಕುಳಿತವರಿಗೆ ಬೆವರುಗುಳ್ಳೆಗಳಾಗುವುದು ಸಾಮಾನ್ಯ. ಆದುದರಿಂದ ಮುಚ್ಚಿದ ಕ್ಯಾಬಿನ್ನಿನ ವಾಹನಗಳಿಗೆ ಎರಡು ಪದರದ ಏರ್ಪಾಡು ಒಳ್ಳೆಯದು: ಕೆಳಗೆ ಸೀಟಿಗೇ ಬಿಗಿದ ರೆಕ್ಸಿನ್, ಅದರ ಮೇಲೆ ಬಿಚ್ಚಿ ತೊಳೆಯಬಹುದಾದ ಬಟ್ಟೆಯ ಹೊದಿಕೆ. ಮೇಲಿನದು ತೇಯಲಿ, ಮಾಸಲಿ, ವರ್ಷ ಎರಡು ವರ್ಷಕ್ಕೆ ಬದಲಾಗಲಿ; ಕೆಳಗಿನದು ಸ್ಪಂಜನ್ನು ಕಾಯುತ್ತದೆ. ಮೇಲೆ ಬಟ್ಟೆ ಇರುವುದರಿಂದ ರೆಕ್ಸಿನ್ನಿಗೆ ಬಿಸಿಲು ತಾಗದೆ ಅದರ ಬಾಳಿಕೆಯೂ ಹೆಚ್ಚುತ್ತದೆ. ಹೊಸ ವಾಹನದೊಡನೆ ಬಟ್ಟೆಯ ಸೀಟು ಬಂದಿದ್ದರೆ ಅದರ ಮೇಲೆ ಮೊದಲು ತೆಳುವಾದ ರೆಕ್ಸಿನ್ ಪದರ ಹಾಕಿಸಿ, ನಂತರ ಬಟ್ಟೆಯ ಹೊದಿಕೆ ಹಾಕಬೇಕು.

ಈ ಮೇಲು ಹೊದಿಕೆಗೆ ದಪ್ಪ ನೂಲಿನ ಪಾಲಿಯೆಸ್ಟರ್ ಬಟ್ಟೆ ಬಯಲುಸೀಮೆ, ಮಲೆನಾಡು ಎರಡಕ್ಕೂ ಹೊಂದುತ್ತದೆ. ಚೀಲ, ಬ್ಯಾಗುಗಳಿಗೆ ಬಳಸುವ 600 ಡೆನಿಯರ್ ಬಟ್ಟೆ ಈ ಜಾತಿಯದು. ಡೆನಿಯರ್ ಎಂದರೆ 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಅಂಕಿ ದೊಡ್ಡದಾದಷ್ಟೂ ನೂಲು ದಪ್ಪ. ನೈಲಾನ್ ಉಜ್ಜಾಟವನ್ನು ಬಹಳ ತಾಳುತ್ತದೆ, ಆದರೆ ಬಿಸಿಲಿಗೆ ಪಾಲಿಯೆಸ್ಟರಿನಷ್ಟು ನಿಲ್ಲುವುದಿಲ್ಲ. ಗಟ್ಟಿ ಹತ್ತಿಯ ಕ್ಯಾನ್‌ವಾಸ್ ಉತ್ತರ ಕರ್ನಾಟಕದ ಒಣ ಹವೆಗೆ ಹಿತವಾದುದು. ಬೆವರು ಹೀರುತ್ತದೆ, ಕಾಯುವುದಿಲ್ಲ. ಆಗುಂಬೆ, ತೀರ್ಥಹಳ್ಳಿಯ ಕಡೆ ಇದನ್ನು ಹಾಕಿಸುವುದು ಬೂಷ್ಟಿಗೆ ಔತಣ ಕೊಟ್ಟಂತೆ.

ಮನೆಯಲ್ಲಿರುವ ವಸ್ತುಗಳನ್ನೂ ತಳ್ಳಿಹಾಕಬೇಕಿಲ್ಲ. ಹಳೆ ಸೀರೆಗಳಿಂದ ಹೊಲಿದ ಕೌದಿಯನ್ನು ಅಳತೆಗೆ ಕತ್ತರಿಸಿ, ಅಂಚು ಕಟ್ಟಿ, ನಾಲ್ಕು ಮೂಲೆಗೆ ಲಾಡಿ ಹೊಲಿದರೆ ರೆಕ್ಸಿನ್ನಿನ ಮೇಲೆ ಹಾಕಲು ಅದಕ್ಕಿಂತ ಹಿತವಾದ ಹೊದಿಕೆ ಇಲ್ಲ. ಪದೇ ಪದೇ ಒಗೆಯಬಹುದು, ಖರ್ಚೂ ಇಲ್ಲ. ಕಂಬಳಿಯೂ ಒಳ್ಳೆಯದೇ, ಆದರೆ ನುಸಿ ಬೀಳದಂತೆ ಆಗಾಗ ಬಿಸಿಲಿಗೆ ಹಾಕಬೇಕು. ಗೊಬ್ಬರದ ಖಾಲಿ ಚೀಲವನ್ನು ಸೀಟಿಗೆ ತೊಡಿಸುವ ಅಭ್ಯಾಸ ಮಾತ್ರ ಬೇಡ. ಒಳಗೆ ಉಳಿದ ಗೊಬ್ಬರದ ತೊಂದರೆ ಒಂದು ಕಡೆ. ಬಿಸಿಲಿನಲ್ಲಿ ಕೆಲವು ತಿಂಗಳಿದ್ದರೆ ಆ ಚೀಲದ ಪಟ್ಟಿಗಳು ಪುಡಿಯಾಗಿ ಬಟ್ಟೆಗೆ, ಮೈಗೆ ಹತ್ತಿ ತುರಿಸುತ್ತವೆ.

ಬಣ್ಣದ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಕಪ್ಪು ಕಾಯುತ್ತದೆ, ಬಿಳಿ ಕೊಳೆ ತೋರುತ್ತದೆ. ಖಾಕಿ ಅಥವಾ ಬೂದಿ ಬಣ್ಣ ಸಾಕು.

ಕೊಳ್ಳುವ ಮುನ್ನ ಪರೀಕ್ಷೆ

ಅಂಗಡಿಯವರು ಹೇಳುವ ಹೆಸರುಗಳಿಂದ ಬಟ್ಟೆಯ ಗುಣ ತಿಳಿಯುವುದು ಕಷ್ಟ. ಅಂಗೈಯಗಲದ ಒಂದು ತುಂಡನ್ನು ಕೇಳಿ ತಂದು ಮನೆಯಲ್ಲೇ ಕೆಲವು ಪರೀಕ್ಷೆಗಳನ್ನು ಮಾಡಬಹುದು.

ಮೊದಲನೆಯದಾಗಿ ತೂಕ. ತುಂಡನ್ನು ಸರಿಯಾಗಿ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲಕ್ಕೆ ಕತ್ತರಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಬೇಕು. ಬಂದ ಗ್ರಾಂಗಳನ್ನು 100ರಿಂದ ಗುಣಿಸಿದರೆ ಒಂದು ಚದರ ಮೀಟರಿನ ತೂಕ ದೊರೆಯುತ್ತದೆ. ಕ್ಯಾನ್‌ವಾಸ್ ಆಗಿದ್ದರೆ 4 ಗ್ರಾಂ, ಅಂದರೆ ಚದರ ಮೀಟರಿಗೆ 400 ಗ್ರಾಂ ಅಥವಾ ಹೆಚ್ಚು ಇರುವುದು ಮೇಲು. 3 ಗ್ರಾಂಗಿಂತ ಕಡಿಮೆ ತೂಗುವುದನ್ನು ಸೀಟಿಗೆ ಹಾಕಿಸಿ ಪ್ರಯೋಜನವಿಲ್ಲ. ಎರಡು ಅಂಗಡಿಗಳ ಒಂದೇ ಜಾತಿಯ ಬಟ್ಟೆಗಳ ಬೆಲೆಯನ್ನು ಹೋಲಿಸುವಾಗಲೂ ಈ ತೂಕವೇ ನ್ಯಾಯವಾದ ಅಳತೆ.

ನೂಲು ಯಾವುದೆಂದು ತಿಳಿಯಲು ಅಂಚಿನಿಂದ ನಾಲ್ಕೈದು ಎಳೆಗಳನ್ನು ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಬಯಲಿನಲ್ಲಿ ದೀಪಕ್ಕೆ ಒಡ್ಡಬೇಕು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿಯಾದ ಕರಿಮಣಿಯಾಗುತ್ತದೆ. ಶೇಕಡ ನೂರು ಹತ್ತಿ ಎಂದು ಮಾರಿದ ಬಟ್ಟೆಯಲ್ಲಿ ಕರಿಮಣಿ ಕಂಡರೆ ಮಿಶ್ರಣವಿದೆ ಎಂದರ್ಥ. ರೆಕ್ಸಿನ್ನಿಗೆ ಈ ಪರೀಕ್ಷೆ ಮಾಡಬಾರದು. ಅದರ ಹೊಗೆ ಆಮ್ಲದಂತೆ ಗಂಟಲು ಮತ್ತು ಕಣ್ಣನ್ನು ಸುಡುತ್ತದೆ. ರೆಕ್ಸಿನ್ನಾದರೆ ಮೂಲೆಯಲ್ಲಿ ಉಗುರಿನಿಂದ ಲೇಪನವನ್ನು ಬೆನ್ನಿನ ಬಟ್ಟೆಯಿಂದ ಸುಲಿಯಲು ಯತ್ನಿಸಬೇಕು, ಆಮೇಲೆ ಅದನ್ನು ಮಡಿಸಿ ಬೆರಳಿನಿಂದ ಬಲವಾಗಿ ಒತ್ತಿ ಬಿಡಿಸಿ ನೋಡಬೇಕು. ಸಿಪ್ಪೆಯಂತೆ ಸುಲಿದು ಬರುವುದು ಅಥವಾ ಮಡಿಕೆಯಲ್ಲಿ ಬಿಳಿಗೆರೆ ಉಳಿಯುವುದು ಕೀಳು ದರ್ಜೆಯ ಲಕ್ಷಣ.

ಬಿಡುವಿದ್ದವರು ತುಂಡಿನ ಅರ್ಧಕ್ಕೆ ರಟ್ಟು ಕಟ್ಟಿ ಮೂರು ನಾಲ್ಕು ವಾರ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು, ಎರಡು ಅರ್ಧಗಳ ಬಣ್ಣ ಮತ್ತು ಬಲವನ್ನು ಹೋಲಿಸಬಹುದು. ಒದ್ದೆ ಮಾಡಿದ ಬಿಳಿ ಪಂಚೆಯ ತುದಿಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ನೋಡುವುದಕ್ಕಂತೂ ಒಂದು ನಿಮಿಷ ಸಾಕು.

ಬೆಲೆಯನ್ನು ವರ್ಷದ ಲೆಕ್ಕದಲ್ಲಿ ಹಾಕುವುದು ಲೇಸು. ಉದಾಹರಣೆಗೆ, 1200 ರೂಪಾಯಿಯ ಹೊದಿಕೆ ಒಂದೇ ವರ್ಷ ಬಂದು, 2700 ರೂಪಾಯಿಯದು ಮೂರು ವರ್ಷ ಬಂದರೆ ಎರಡನೆಯದರ ಖರ್ಚು ವರ್ಷಕ್ಕೆ 900 ರೂಪಾಯಿ ಮಾತ್ರ. ಹರಿದ ಹೊದಿಕೆಯಿಂದ ಕೆಟ್ಟ ಸ್ಪಂಜಿನ ಖರ್ಚು ಇದರಲ್ಲಿ ಸೇರಿಲ್ಲ.

ಹೊಲಿಗೆ ಮತ್ತು ಅಳತೆ

ಬಟ್ಟೆ ಚೆನ್ನಾಗಿದ್ದೂ ಹೊದಿಕೆ ಬೇಗ ಕೆಡುವುದಕ್ಕೆ ಬಹುಮಟ್ಟಿಗೆ ದಾರವೇ ಕಾರಣ. ಹತ್ತಿ ದಾರ ತೇವಕ್ಕೆ ಕೊಳೆತು, ಬಟ್ಟೆ ಗಟ್ಟಿಯಾಗಿರುವಾಗಲೇ ಹೊಲಿಗೆ ಬಿಟ್ಟುಕೊಳ್ಳುತ್ತದೆ. ದಪ್ಪ ಪಾಲಿಯೆಸ್ಟರ್ ದಾರವನ್ನೇ ಬಳಸುವಂತೆ ಮೊದಲೇ ಹೇಳಬೇಕು. ರೆಕ್ಸಿನ್ನಿನಲ್ಲಿ ಹೊಲಿಗೆ ಒತ್ತಾಗಿದ್ದಷ್ಟೂ ಗಟ್ಟಿ ಎಂಬ ನಂಬಿಕೆ ತಪ್ಪು. ಸೂಜಿಯ ತೂತುಗಳು ಒತ್ತೊತ್ತಾಗಿ ಬಿದ್ದರೆ ಅಂಚೆಚೀಟಿಯ ಹಾಳೆ ಹರಿಯುವಂತೆ ರೆಕ್ಸಿನ್ ಆ ಗೆರೆಯುದ್ದಕ್ಕೂ ಹರಿಯುತ್ತದೆ. ಅಂಗುಲಕ್ಕೆ 6ರಿಂದ 8 ಹೊಲಿಗೆ ಸಾಕು, ಆದರೆ ಎರಡು ಸಾಲು ಇರಲಿ. ಕುಳಿತುಕೊಳ್ಳುವ ಜಾಗದ ನಡುವೆ ಹೊಲಿಗೆಯ ಗೆರೆ ಬರಬಾರದು. ಅಲಂಕಾರಕ್ಕೆಂದು ಹಾಕುವ ಪಟ್ಟೆಗಳ ಪ್ರತಿಯೊಂದು ತೂತೂ ನೀರಿಗೆ ದಾರಿ.

ನಮ್ಮ ವಾಹನಗಳಲ್ಲಿ ಚಾಲಕ ಬಲಗಡೆ ಕುಳಿತು ಬಲಬಾಗಿಲಿನಿಂದ ಹತ್ತಿ ಇಳಿಯುವುದರಿಂದ ಸೀಟಿನ ಬಲ ಅಂಚೇ ಮೊದಲು ಹರಿಯುತ್ತದೆ. ಅಲ್ಲಿ ಅಂಗೈಯಗಲದ ಇನ್ನೊಂದು ಪದರ ಕೊಟ್ಟು ಹೊಲಿಸುವುದು ಸಣ್ಣ ಖರ್ಚಿನ ದೊಡ್ಡ ಉಳಿತಾಯ. ಹಿಂಜೇಬಿನಲ್ಲಿ ಇಕ್ಕಳ, ಸ್ಕ್ರೂಡ್ರೈವರ್ ಇಟ್ಟುಕೊಂಡು ಕೂರುವವರ ಸೀಟು ಎಷ್ಟು ಪದರ ಕೊಟ್ಟರೂ ತೂತಾಗುತ್ತದೆ. ಈ ಲೆಕ್ಕದಲ್ಲಿ ಪಂಚೆಯುಟ್ಟವರೇ ಸೀಟಿಗೆ ಹಿತವರು!

ಹೊದಿಕೆ ಜಾರುವಂತಿರಬಾರದು. ಬ್ರೇಕು, ಕ್ಲಚ್ಚುಗಳನ್ನು ಒತ್ತುವಾಗ ಚಾಲಕನಿಗೆ ಸೀಟಿನ ಒರಗೇ ಆಧಾರ. ಬಟ್ಟೆ ಜರುಗಿದರೆ ಕಾಲಿನ ಬಲ ಪೆಡಲಿಗೆ ಪೂರ್ತಿ ತಲುಪುವುದಿಲ್ಲ. ಎಲಾಸ್ಟಿಕ್ ಬಿಸಿಲಿಗೆ ಬೇಗ ಸಡಿಲವಾಗುವುದರಿಂದ ಕೆಳಗಿನಿಂದ ಕಟ್ಟುವ ಅಗಲವಾದ ಪಟ್ಟಿ ಮತ್ತು ಕೊಕ್ಕೆ ಮೇಲು. ಮೆತ್ತಗಿರಲೆಂದು ಹೊದಿಕೆಯೊಳಗೆ ಮತ್ತೆ ನಾಲ್ಕು ಬೆರಳಿನ ಸ್ಪಂಜು ತುಂಬಿಸುವುದೂ ಬೇಡ; ಚಾಲಕ ಎತ್ತರಕ್ಕೆ, ಮುಂದಕ್ಕೆ ಬಂದು ಸೊಂಟಕ್ಕೆ ಒರಗಿನ ಆಧಾರ ತಪ್ಪುತ್ತದೆ. ಟ್ರ್ಯಾಕ್ಟರ್ ಸೀಟಿನ ತಳದಲ್ಲಿ ನೀರು ಬಸಿಯುವ ತೂತುಗಳಿದ್ದರೆ ಹೊದಿಕೆ ಅವನ್ನು ಮುಚ್ಚಬಾರದು. ಸೀಟಿನ ಮಗ್ಗುಲಲ್ಲಿ ಗಾಳಿಚೀಲ ಅಳವಡಿಸಿದ ಹೊಸ ವಾಹನಗಳಿಗೆ ಆ ಭಾಗ ತೆರೆದಿರುವ ಹೊದಿಕೆಯನ್ನೇ ಹಾಕಿಸಬೇಕು. ಇಲ್ಲವಾದರೆ ಅಪಘಾತದ ವೇಳೆ ಚೀಲ ಬಿಚ್ಚಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ.

ಸೀಟು ಮತ್ತು ಕೀಟನಾಶಕ

ಹೊದಿಕೆಯ ಆಯ್ಕೆಯಲ್ಲಿ ಅತ್ಯಂತ ಗಂಭೀರವಾದ ಅಂಶ ಇದು. ಹತ್ತಿ, ಮೆಣಸಿನಕಾಯಿ, ದ್ರಾಕ್ಷಿ ಬೆಳೆಯುವ ಕಡೆ ಸಿಂಪರಣೆಯ ಕಾಲದಲ್ಲಿ ವಾಹನದ ಸೀಟಿಗೆ ಔಷಧಿ ಮೂರು ದಾರಿಗಳಲ್ಲಿ ಬರುತ್ತದೆ. ಸಿಂಪಡಿಸಿ ನೆನೆದ ಬಟ್ಟೆಯಲ್ಲೇ ಬಂದು ಕುಳಿತಾಗ; ಟ್ರ್ಯಾಕ್ಟರಿಗೆ ಜೋಡಿಸಿದ ಸಿಂಪರಣಾ ಯಂತ್ರದ ಹನಿಗಳು ಗಾಳಿಗೆ ಹಿಂದಿರುಗಿ ಬಿದ್ದಾಗ; ಹಾಗೂ ಅಂಗಡಿಯಿಂದ ತಂದ ಬಾಟಲಿಯನ್ನು ಸೀಟಿನ ಮೇಲೇ ಇಟ್ಟು ಅದರ ಮುಚ್ಚಳ ಸೋರಿದಾಗ. ಮೂರನೆಯದು ಎಲ್ಲಕ್ಕಿಂತ ಅಪಾಯಕರ, ಏಕೆಂದರೆ ಅದು ನೀರು ಬೆರೆಸದ ಮೂಲ ಔಷಧಿ.

ಬಟ್ಟೆಯ ಹೊದಿಕೆ ಮಾತ್ರ ಇದ್ದರೆ ಸೋರಿದ ಔಷಧಿ ಸ್ಪಂಜಿಗೆ ಇಳಿಯುತ್ತದೆ. ಮೇಲ್ಭಾಗ ಒಣಗಿದಂತೆ ಕಂಡರೂ ಒಳಗೆ ಅದು ಉಳಿದಿರುತ್ತದೆ. ಯಾರಾದರೂ ಕುಳಿತಾಗ ಸ್ಪಂಜು ಅದುಮಿ, ಬೆವರಿನ ತೇವದೊಂದಿಗೆ ಔಷಧಿ ಮತ್ತೆ ಮೇಲಕ್ಕೆ ಬರುತ್ತದೆ. ಕುಳಿತವರ ಬಟ್ಟೆಗೂ ಅಲ್ಲಿಂದ ಚರ್ಮಕ್ಕೂ ದಾಟುತ್ತದೆ. ಶಾಖ ಮತ್ತು ಬೆವರು ಚರ್ಮದ ಹೀರುವಿಕೆಯನ್ನು ಹೆಚ್ಚಿಸುತ್ತವೆ. ಸೀಟಿನಲ್ಲಿ ಇವೆರಡೂ ಸದಾ ಇರುತ್ತವೆ.

ದೇಹದ ಎಲ್ಲ ಭಾಗದ ಚರ್ಮವೂ ಔಷಧಿಯನ್ನು ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಮೈಬಾಕ್ ಮತ್ತು ಸಂಗಡಿಗರು 1971ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಸ್ವಯಂಸೇವಕರ ಚರ್ಮದ ಬೇರೆ ಬೇರೆ ಭಾಗಗಳಿಗೆ ಅತಿ ಅಲ್ಪ ಪ್ರಮಾಣದಲ್ಲಿ ಹಚ್ಚಿ ನೋಡಲಾಯಿತು. ಮುಂದೋಳಿನಲ್ಲಿ ಹಚ್ಚಿದ್ದರ ಶೇಕಡ 9ರಷ್ಟು, ಅಂಗೈಯಲ್ಲಿ ಶೇಕಡ 12ರಷ್ಟು, ಹೊಟ್ಟೆಯಲ್ಲಿ ಶೇಕಡ 18ರಷ್ಟು ದೇಹಕ್ಕೆ ಸೇರಿತು. ವೃಷಣದ ಚರ್ಮದಲ್ಲಿ ಹಚ್ಚಿದ್ದು ಹೆಚ್ಚುಕಡಿಮೆ ಪೂರ್ತಿಯಾಗಿ ಸೇರಿತು. ಕೈಗವಸು ತೊಟ್ಟು ಎಚ್ಚರಿಕೆಯಿಂದ ಸಿಂಪಡಿಸಿದವರು ಕೂಡ ನೆನೆದ ಸೀಟಿನ ಮೇಲೆ ಒಂದು ಗಂಟೆ ಕುಳಿತು ಊರಿಗೆ ಬಂದರೆ ಕೈಗವಸಿನ ಲಾಭ ಎಷ್ಟು ಉಳಿಯಿತೆಂದು ಇದರಿಂದ ತಿಳಿಯಬಹುದು.

ಇನ್ನೊಂದು ಸಂಗತಿಯಿದೆ. ಸಿಂಪಡಿಸಿದವರಿಗೆ ತಲೆಸುತ್ತು, ವಾಕರಿಕೆ ಬಂದರೆ ಮನೆಯವರಿಗೂ ವೈದ್ಯರಿಗೂ ಕಾರಣ ಹೊಳೆಯುತ್ತದೆ. ಅದೇ ಸೀಟಿನಲ್ಲಿ ಮರುದಿನ ಶಾಲೆಗೋ ಸಂತೆಗೋ ಹೊರಟ ಹೆಣ್ಣುಮಕ್ಕಳು, ಮಕ್ಕಳು ಔಷಧಿಯನ್ನು ಮುಟ್ಟಿಯೇ ಇರುವುದಿಲ್ಲವಾದ್ದರಿಂದ ಯಾರೂ ಅದನ್ನು ಅನುಮಾನಿಸುವುದಿಲ್ಲ. ತಲೆನೋವು, ಅತಿಯಾದ ಬೆವರು, ಬಾಯಲ್ಲಿ ನೀರೂರುವುದು, ವಾಂತಿ, ಕಣ್ಣು ಮಂಜಾಗುವುದು ಇವು ಒಟ್ಟಾಗಿ ಕಂಡರೆ ತೊಟ್ಟ ಬಟ್ಟೆ ತೆಗೆದು, ಮೈಯನ್ನು ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಔಷಧಿಯ ಬಾಟಲಿಯ ಚೀಟಿ ಜೊತೆಗಿರಲಿ. ವಾಹನದಲ್ಲಿ ಔಷಧಿ ಚೆಲ್ಲಿತ್ತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಆದುದರಿಂದ ಔಷಧಿಯನ್ನು ಕ್ಯಾಬಿನ್ನಿನೊಳಗೆ ಒಯ್ಯಲೇಬಾರದು. ಹಿಂದಿನ ಸರಕಿನ ಭಾಗದಲ್ಲಿ, ಅಂಚಿರುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನಿಲ್ಲಿಸಿ, ಉರುಳದಂತೆ ಕಟ್ಟಬೇಕು. ಆಹಾರ ಪದಾರ್ಥ ಮತ್ತು ಪಶುಆಹಾರಕ್ಕೆ ತಾಗುವಂತೆ ಕೀಟನಾಶಕವನ್ನು ಸಾಗಿಸುವುದನ್ನು 1971ರ ಕೀಟನಾಶಕ ನಿಯಮಗಳೇ ನಿಷೇಧಿಸಿವೆ. ಹಿಂಡಿಯ ಚೀಲದ ಪಕ್ಕದಲ್ಲಿ ಇಡುವಂತಿಲ್ಲ. ಸಿಂಪರಣೆ ಮುಗಿಸಿದವರು ಕೈಕಾಲು ತೊಳೆದು, ಬಟ್ಟೆ ಬದಲಿಸಿ ವಾಹನ ಹತ್ತಬೇಕು. ಇದು ಸಾಧ್ಯವಾಗದ ದಿನಗಳಿಗೆ ಸಿಂಪರಣೆಗೆಂದೇ ಮೀಸಲಾದ ಒಂದು ರೆಕ್ಸಿನ್ ಹಾಸನ್ನು ಇಟ್ಟುಕೊಂಡು, ಬಟ್ಟೆಯ ಹೊದಿಕೆಯನ್ನು ತೆಗೆದು ಅದನ್ನು ಹಾಕಬೇಕು. ಕೆಲಸ ಮುಗಿದೊಡನೆ ಹೊರಗೇ ಸಾಬೂನು ನೀರಿನಲ್ಲಿ ತೊಳೆಯಬೇಕು. ಎರಡು ಜೊತೆ ಹೊದಿಕೆ ಇರಬೇಕೆನ್ನುವುದಕ್ಕೆ ಇದೇ ಮುಖ್ಯ ಕಾರಣ.

ತೊಳೆಯುವುದು ಮತ್ತು ತ್ಯಜಿಸುವುದು

ಸಾಮಾನ್ಯ ಕೊಳೆಗೆ ವಾರಕ್ಕೊಮ್ಮೆ ಕೊಡವುವುದು, ತಿಂಗಳಿಗೊಮ್ಮೆ ತೊಳೆಯುವುದು ಸಾಕು. ಕೆಂಪು ಮಣ್ಣಿನ ಪ್ರದೇಶದಲ್ಲಿ ಕೊಡವುವುದನ್ನು ದಿನವೂ ಮಾಡಿದರೆ ಬಟ್ಟೆಯ ಆಯುಷ್ಯ ಹೆಚ್ಚುತ್ತದೆ. ಬ್ಲೀಚಿಂಗ್ ಪುಡಿ ಬೇಡ; ಹತ್ತಿಯ ಎಳೆಯನ್ನೂ ನೈಲಾನ್ ಎಳೆಯನ್ನೂ ಅದು ದುರ್ಬಲಗೊಳಿಸುತ್ತದೆ. ಮಳೆಗಾಲಕ್ಕೆ ಮುಂಚೆ ಹೊದಿಕೆಯನ್ನು ಬಿಚ್ಚಿ ಸೀಟಿನ ತಳವನ್ನು ಪರೀಕ್ಷಿಸಬೇಕು. ಇಲಿಗಳು ಗೂಡು ಕಟ್ಟಿರುವುದು, ಚೌಕಟ್ಟು ತುಕ್ಕು ಹಿಡಿದಿರುವುದು ಆಗಲೇ ಕಣ್ಣಿಗೆ ಬೀಳುತ್ತವೆ.

ಸಿಂಪರಣೆಯ ಹನಿ ಬಿದ್ದ ಬಟ್ಟೆಯ ಹೊದಿಕೆಯನ್ನು ಮನೆಯ ಬಟ್ಟೆಗಳೊಡನೆ ಒಗೆಯಬಾರದು. ಕೈಗವಸು ತೊಟ್ಟು, ಬೇರೆ ಬಕೀಟಿನಲ್ಲಿ ಬಿಸಿನೀರು ಮತ್ತು ಸೋಪಿನ ಪುಡಿ ಹಾಕಿ ಎರಡು ಮೂರು ಬಾರಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಒಗೆದ ನೀರು ಬಾವಿ, ಕೆರೆ, ದನದ ತೊಟ್ಟಿಯ ಕಡೆ ಹರಿಯದಂತೆ ನೋಡಿಕೊಳ್ಳಬೇಕು.

ನೀರು ಬೆರೆಸದ ಔಷಧಿ ಚೆಲ್ಲಿದ ಬಟ್ಟೆ ಮತ್ತು ಅದು ಇಳಿದ ಸ್ಪಂಜನ್ನು ಒಗೆದು ಉಳಿಸಿಕೊಳ್ಳಲು ಯತ್ನಿಸಬಾರದು. ಎಷ್ಟು ಒಗೆದರೂ ಪೂರ್ತಿ ಹೋಗುವ ಭರವಸೆಯಿಲ್ಲ. ಅಂತಹ ಸ್ಪಂಜನ್ನು ಕೊಟ್ಟಿಗೆಯಲ್ಲಿ ಕರುವಿಗೆ ಹಾಸುವುದು, ತಲೆದಿಂಬಿಗೆ ತುಂಬುವುದು, ಗುಜರಿಯವನಿಗೆ ಮಾರುವುದು ಸಲ್ಲದು. ಸುಡುವುದೂ ಸಲ್ಲದು, ಅದರ ಹೊಗೆ ವಿಷ. ಯಾರೂ ಮತ್ತೆ ಬಳಸದಂತೆ ಸ್ಪಂಜನ್ನೂ ಬಟ್ಟೆಯನ್ನೂ ಕೈಗವಸು ತೊಟ್ಟು ತುಂಡು ಮಾಡಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳು ಮತ್ತು ದನಗಳಿಗೆ ನಿಲುಕದ ಕಡೆ ಬೀಗ ಹಾಕಿಟ್ಟು, ವಿಲೇವಾರಿಯ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಹೊಸ ಸ್ಪಂಜು ಕೂರಿಸುವ ಮುನ್ನ ಸೀಟಿನ ತಗಡನ್ನು ಸಾಬೂನು ನೀರಿನಿಂದ ಎರಡು ಸಲ ತೊಳೆದು ಒಣಗಿಸಿ, ತುಕ್ಕು ತೆಗೆದು ಬಣ್ಣ ಹೊಡೆಯುವುದು ಒಳ್ಳೆಯದು.